ಮಧ್ಯಾಹ್ನ ಮಾತ್ರ ವಯಸ್ಸಾಗುತ್ತದೆಯೇ?

"ನಮ್ಮ ಹುಡುಗಿ ಎಣ್ಣೆಗಪ್ಪು. ಹಾಗಿದ್ರೇನೇ ಚೆಂದ. ಅವಳನ್ನ ಸುಣ್ಣದ ಗೋಡೆ ಮಾಡಿ ಅಂತ ನಿಮಗ್ಯಾರು ಹೇಳಿದ್ರು?"

ಪಿಳ್ಳಮ್ಮ ಲಗ್ನಪತ್ರಿಕೆಯನ್ನು ಮೇಜಿನ ಮೇಲೆ ಬಡಿದರು. ಸುಲ್ತಾನ್‌ಪೇಟೆಯ ಆ ಲಗ್ನಪತ್ರಿಕೆ ಅಚ್ಚುಹಾಕುವ ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಪತ್ರಿಕೆಯ ಮೇಲಿದ್ದದ್ದು ಅವರ ಮೊಮ್ಮಗಳು ಹೇಮಶ್ರೀಯ ಫೋಟೊ. ಮುಖ ಬಿಳಿಚಿಕೊಂಡಿತ್ತು. ಅರಿಶಿನ ಬಣ್ಣದ ಸೀರೆ ಹತ್ತು ಸಲ ಒಗೆದು ಹಿಂಡಿದಂತೆ ಕಾಣುತ್ತಿತ್ತು.

ಆ ಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ತಯಾರು ಮಾಡಿದ್ದು ಶೈಲಜಮ್ಮ. ಅಂಗಡಿಗೆ ಸೇರಿ ಮೂವತ್ತು ವರ್ಷ. ಅಚ್ಚುಮೊಳೆ ಹೋಗಿ ಕಂಪ್ಯೂಟರ್ ಬಂದಾಗ, ಗಂಡಸರೆಲ್ಲ ದೂರ ನಿಂತು ನೋಡುತ್ತಿದ್ದರೆ, ಮೊದಲು ಹೋಗಿ ಕೂತವರು ಇವರೇ. ಆದರೆ ಈ ತಿಂಗಳಲ್ಲಿ ಇದು ಐದನೆಯ ದೂರು.

ಮಾಲೀಕ ಈಶ್ವರ್ ಕೆಟ್ಟವನಲ್ಲ, ಆತುರಗಾರ. ಬೇರೆ ಅಚ್ಚು ಹಾಕಿಸಿಕೊಡುತ್ತೇವೆಂದು ಪಿಳ್ಳಮ್ಮನವರನ್ನು ಸಮಾಧಾನ ಮಾಡಿ ಕಳಿಸಿದ. ಆಮೇಲೆ ದನಿ ತಗ್ಗಿಸಿದ.

"ಅಮ್ಮ, ಬೇಜಾರು ಮಾಡ್ಕೋಬೇಡಿ. ವಯಸ್ಸಾಯ್ತು, ಕಣ್ಣು ಮಂಜಾಗಿದೆ. ಸೋಮವಾರದಿಂದ ಕವರ್ ಅಂಟಿಸೋ ಕಡೆ ಕೂತ್ಕೊಳ್ಳಿ. ಕಂಪ್ಯೂಟರ್‌ಗೆ ಬೇರೆಯವರನ್ನ ನೋಡ್ತೀನಿ."

ಶೈಲಜಮ್ಮನಿಗೆ ಮೈಯೆಲ್ಲ ಉರಿಯಿತು. ಅಳು ಬರಲಿಲ್ಲ, ಸಿಟ್ಟು ಬಂತು.

"ಕವರ್ ಅಂಟಿಸೋದು ಕೀಳು ಕೆಲಸ ಅಲ್ಲ ಈಶ್ವರ್. ಆದ್ರೆ ಮಾಡದ ತಪ್ಪಿಗೆ ನಾನು ಅಲ್ಲಿ ಕೂರಲ್ಲ. ನಾಳೆನೇ ಕಣ್ಣು ತೋರಿಸ್ಕೊಂಡು ಬರ್ತೀನಿ. ಕೆಟ್ಟಿದ್ರೆ ನೀವು ಹೇಳೋದು ಬೇಡ, ನಾನೇ ಎದ್ದು ಹೋಗ್ತೀನಿ."

ಮರುದಿನ ಬೆಳಿಗ್ಗೆ ಶೇಷಾದ್ರಿಪುರಂಗೆ ಹೋದರು. ಅಲ್ಲಿ ಕಣ್ಣು ಪರೀಕ್ಷಿಸುವ ಯಶಶ್ರೀಗೆ ಕಾರ್ಡುಗಳ ದೂರನ್ನೆಲ್ಲ ಹೇಳಿದರು. ಅವಳು ಅಕ್ಷರ ಓದಿಸಿದಳು, ಕಣ್ಣಿಗೆ ಬೆಳಕು ಬಿಟ್ಟು ನೋಡಿದಳು, ಬಣ್ಣ ಗುರುತಿಸಲು ಹೇಳಿದಳು.

"ಪೊರೆ ಇಲ್ಲ, ಏನೂ ಇಲ್ಲ. ಈಗಿರೋ ಕನ್ನಡಕನೇ ಸಾಕು. ಅದಿರಲಿ ಅಮ್ಮ, ಹಾಳಾದ ಕಾರ್ಡೆಲ್ಲ ಯಾವ ಹೊತ್ತಲ್ಲಿ ಮಾಡಿದ್ದು?"

ಶೈಲಜಮ್ಮ ಯೋಚಿಸಿದರು. "ಐದು ಕಾರ್ಡೂ ಮಧ್ಯಾಹ್ನ ಮೂರು ಗಂಟೆ ಮೇಲೆ ಮಾಡಿದ್ದು. ಬೆಳಿಗ್ಗೆ ಮಾಡಿದ್ದು ಒಂದೂ ವಾಪಸ್ ಬಂದಿಲ್ಲ."

ಯಶಶ್ರೀ ನಕ್ಕುಬಿಟ್ಟಳು. "ಮಧ್ಯಾಹ್ನ ಮಾತ್ರ ವಯಸ್ಸಾಗುತ್ತಾ? ಅಂಗಡೀಲಿ ಏನಾದ್ರೂ ಬದಲಾಯ್ತಾ?"

"ಹೋದ ತಿಂಗಳು ಮುಂದಿನ ಮರದ ಬಾಗಿಲು ತೆಗೆಸಿ ಗಾಜು ಹಾಕ್ಸಿದ್ರು. ಮೂರು ಗಂಟೆಗೆ ಬಿಸಿಲು ನನ್ನ ಮೇಜಿಗೇ ಬರುತ್ತೆ."

"ಸರಿಹೋಯ್ತು! ಬಿಸಿಲಲ್ಲಿ ನಿಂತು ಫೋನ್ ನೋಡಿದ್ರೆ ಕತ್ತಲೆ ಕತ್ತಲೆ. ಅದೇ ಫೋನು ಹೊದಿಕೆ ಒಳಗೆ ಕಣ್ಣು ಚುಚ್ಚುತ್ತೆ. ಫೋನ್ ಬದಲಾಗಿಲ್ಲ, ಸುತ್ತಲಿನ ಬೆಳಕು ಬದಲಾಯ್ತು. ಕಣ್ಣು ಅದಕ್ಕೆ ತಕ್ಕ ಹಾಗೆ ಹೊಂದ್ಕೊಳ್ಳುತ್ತೆ. ಬಿಸಿಲಿಗೆ ನಿಮ್ಮ ಸ್ಕ್ರೀನ್ ಮಸುಕಾಗಿ ಕಂಡಿದೆ. ನೀವು ಫೋಟೊ ಕಪ್ಪಾಯ್ತು ಅಂತ ತಿಳಿಮಾಡಿದೀರ. ಅಚ್ಚಲ್ಲಿ ಅದು ಬಿಳಿಚ್ಕೊಂಡಿದೆ."

ಶೈಲಜಮ್ಮ ಥ್ಯಾಂಕ್ಸ್ ಹೇಳುವುದನ್ನೂ ಮರೆತು ಬಸ್ಸು ಹತ್ತಿದರು.

ಅಂಗಡಿಯಲ್ಲಿ ಈಶ್ವರ್ ಕೇಳಿಸಿಕೊಂಡು ಇಲ್ಲವೆಂದು ತಲೆಯಾಡಿಸಿದ. "ಸುಮ್ನಿರಿ ಅಮ್ಮ. ಬಿಸಿಲು ಬಂದ್ರೆ ಫೋಟೊ ಬಣ್ಣ ಹೇಗೆ ಬದಲಾಗುತ್ತೆ?"

"ನಾನು ಹೇಳಲ್ಲ. ನೀವೇ ಮಾಡಿ ನೋಡಿ."

ಮೂರು ಗಂಟೆಗೆ ಬಿಸಿಲು ಮೇಜಿನ ಮೇಲೆ ಬಿತ್ತು. ಶೈಲಜಮ್ಮ ಹೇಮಶ್ರೀಯ ಮೂಲ ಫೋಟೊ ತೆರೆದು ಈಶ್ವರನನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿದರು. "ಕಪ್ಪಾಗಿದೆಯಲ್ಲ" ಎಂದು ಅವನು ಫೋಟೊವನ್ನು ಸ್ವಲ್ಪ ತಿಳಿಮಾಡಿದ. ಇನ್ನೂ ಸ್ವಲ್ಪ. ಮತ್ತೂ ಸ್ವಲ್ಪ. "ಹಾಂ, ಈಗ ಸರಿ."

ಶೈಲಜಮ್ಮ ಹೋಗಿ ಶಟರ್ ಅರ್ಧಕ್ಕೆಳೆದು ಟ್ಯೂಬ್‌ಲೈಟ್ ಹಾಕಿದರು. ಕಣ್ಣು ಹೊಂದಿಕೊಳ್ಳಲೆಂದು ಐದು ನಿಮಿಷ ಕಾದು, "ಈಗ ನೋಡಿ" ಎಂದರು.

ಸ್ಕ್ರೀನಿನಲ್ಲಿ ಅದೇ ಸುಣ್ಣದ ಮುಖ.

"ಇದು ನಾನು ಮಾಡಿದ್ದಾ?" ಈಶ್ವರ್ ಸ್ಕ್ರೀನಿಗೆ ಇನ್ನೂ ಹತ್ತಿರ ಬಾಗಿದ.

"ನಿಮಗೆ ವಯಸ್ಸೆಷ್ಟು?"

"ಮೂವತ್ತಾರು."

"ಕವರ್ ಅಂಟಿಸೋ ಕಡೆ ನಿಮಗೂ ಜಾಗ ಮಾಡ್ಲಾ?"

ಈಶ್ವರ್ ತಲೆ ಕೆರೆದುಕೊಂಡು ಎದ್ದ. ಸಂಜೆಯೊಳಗೆ ಮೇಜು ಗಾಜಿನಿಂದ ಒಳಕ್ಕೆ ಹೋಯಿತು. ಸ್ಕ್ರೀನಿಗೆ ನೇರವಾಗಿ ಬಿಸಿಲು ಬೀಳದಂತೆ ದಪ್ಪ ಬಟ್ಟೆಯ ಪರದೆ ಬಂತು. ಇಡೀ ದಿನ ಒಂದೇ ಟ್ಯೂಬ್‌ಲೈಟಿನ ಬೆಳಕು. ಶೈಲಜಮ್ಮ ಖಾಲಿ ಬಿಳಿ ಪುಟವನ್ನು ಸ್ಕ್ರೀನಿನಲ್ಲಿ ತೆರೆದು, ಪಕ್ಕಕ್ಕೆ ಬಿಳಿ ಕಾಗದ ಹಿಡಿದು, ಎರಡೂ ಒಂದೇ ಸಮ ಕಾಣುವಷ್ಟಕ್ಕೆ ಸ್ಕ್ರೀನಿನ ಬೆಳಕನ್ನು ಇಳಿಸಿದರು.

ಹೊಸ ಪತ್ರಿಕೆ ಕೈಗೆ ಬಂದಾಗ ಪಿಳ್ಳಮ್ಮ ಮೊಮ್ಮಗಳ ಮುಖ ಸವರಿದರು. "ಇದು ನಮ್ಮ ಹೇಮಶ್ರೀ" ಎಂದರು.

ಶೈಲಜಮ್ಮ ಅಷ್ಟಕ್ಕೇ ಬಿಡಲಿಲ್ಲ. "ಈಶ್ವರ್, ಅವತ್ತು ಯಾರ ಕಣ್ಣು ಕೆಟ್ಟಿತ್ತು ಅಂತ ಇವರಿಗೆ ಹೇಳಿ."

ಅಂಗಡಿ ತುಂಬ ಜನ. ಈಶ್ವರ್ ಎಲ್ಲರಿಗೂ ಕೇಳುವಂತೆ ಹೇಳಿದ: "ಅಮ್ಮನ ಕಣ್ಣು ಕೆಟ್ಟಿರಲಿಲ್ಲ. ನಾನು ಹಾಕ್ಸಿದ ಗಾಜಿಂದ ಆಗಿದ್ದು. ತಪ್ಪು ನಂದು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಫೋನು, ಟಿವಿ, ಕಂಪ್ಯೂಟರ್ ಮಸುಕಾಗಿ ಕಂಡರೆ ಮೊದಲು ಕೋಣೆಯ ಬೆಳಕು ನೋಡಿ. ಕಿಟಕಿ ಪಕ್ಕಕ್ಕಿರಲಿ, ಸ್ಕ್ರೀನಿನ ಹಿಂದೆಯೂ ಬೇಡ, ನಿಮ್ಮ ಬೆನ್ನಿಗೂ ಬೇಡ. ಕೋಣೆ ಕತ್ತಲಾದರೆ ಸ್ಕ್ರೀನಿನ ಬೆಳಕು ಇಳಿಸಿ, ಬೆಳಕು ಹೆಚ್ಚಿದ್ದರೆ ಏರಿಸಿ. ಅಂದಾಜು ಸಿಗದಿದ್ದರೆ ಒಂದು ಬಿಳಿ ಕಾಗದ ಪಕ್ಕಕ್ಕೆ ಹಿಡಿಯಿರಿ. ಎಲ್ಲ ಸರಿಮಾಡಿದರೂ ಮಸುಕಾಗಿಯೇ ಕಂಡರೆ ತಡಮಾಡದೆ ಕಣ್ಣು ತೋರಿಸಿ.

ಆದರೆ ಬೆಳಕನ್ನೂ ನೋಡದೆ, ಕಣ್ಣನ್ನೂ ಪರೀಕ್ಷಿಸದೆ, ಯಾರಾದರೂ ನಿಮ್ಮ ವಯಸ್ಸಿನ ಮೇಲೆ ತಪ್ಪು ಹೊರಿಸಿದರೆ, ಕುರ್ಚಿ ಬಿಟ್ಟು ಏಳಬೇಡಿ.