ಮೆರೆವಾಲೆಸಿಯ ಬೆನ್ನು ಹಿಡಿದ ದಿನ

ಗಂಡನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವುದು ಮೆರೆವಾಲೆಸಿಯ ದಿನದ ಮೊದಲ ಕೆಲಸ. ಅವಳ ಗಂಡ ಇಲಿಸೋನಿ ಶಾಂತಿಪಾಲನಾ ಪಡೆಯಲ್ಲಿದ್ದವನು. ನೆಲಬಾಂಬು ಸಿಡಿದು ಎರಡೂ ಕಾಲು ಕಳೆದುಕೊಂಡು ಫಿಜಿಯ ಈ ಕಡಲತೀರದ ಹಳ್ಳಿಗೆ ಮರಳಿದ್ದ. ಅವನ ಸ್ನಾನ, ಮದ್ದು, ಮರಗೆಣಸಿನ ತೋಟ, ಮಕ್ಕಳ ಶಾಲೆ, ಎಲ್ಲಕ್ಕೂ ಅವಳೊಬ್ಬಳೇ. ಊರ ಹೆಂಗಸರ ಜೊತೆ ಬಲೆ ಹಿಡಿದು ಕಡಲಿಗಿಳಿಯುವುದೆಂದರೆ ಅವಳಿಗೆ ಪ್ರಾಣ. ಅದನ್ನೂ ಬಿಟ್ಟಿದ್ದಳು. ಕೇಳಿದವರಿಗೆ ಪುರುಸೊತ್ತಿಲ್ಲ ಎಂದು ನಕ್ಕುಬಿಡುತ್ತಿದ್ದಳು.

ಪಕ್ಕದ ಮನೆಯ ಲುಸಿಯಾನಾಳ ಗಂಡನೂ ಸೈನ್ಯದಲ್ಲೇ ಕಣ್ಣು ಕಳೆದುಕೊಂಡವನು. ಇಂಥ ಮನೆಯವರಿಗೆಂದೇ ಪೇಟೆಯಲ್ಲಿ ಒಂದು ನೆರವಿನ ಕೇಂದ್ರವಿದೆ, ಅವರು ಮನೆಗೇ ಬರುತ್ತಾರೆ ಎಂದು ಅವಳು ಹೇಳುತ್ತಲೇ ಇದ್ದಳು. ಇಲಿಸೋನಿ ಒಪ್ಪಲಿಲ್ಲ. ಕಂಡವರ ಕೈಲಿ ಎತ್ತಿಸಿಕೊಳ್ಳುವ ಹಣೆಬರಹ ತನಗೆ ಬೇಡ ಅಂದ. ಮೆರೆವಾಲೆಸಿ ಗಂಡನ ಮುಖ ನೋಡಿ ಆ ಮಾತನ್ನು ಅಲ್ಲಿಗೇ ಬಿಟ್ಟಳು.

ಒಂದು ಬೆಳಿಗ್ಗೆ ಅವನನ್ನು ಎತ್ತುವಾಗಲೇ ಅವಳ ಬೆನ್ನು ಹಿಡಿದುಕೊಂಡಿತು. ಇಬ್ಬರೂ ಚಾಪೆಯ ಮೇಲೆ ಬಿದ್ದರು. ಅವನಿಗೆ ಏಳಲಾಗದು, ಅವಳಿಗೆ ಮಿಸುಕಲಾಗದು. ಮಕ್ಕಳು ಶಾಲೆಗೆ ಹೋಗಿಯಾಗಿತ್ತು. ನೋವಿಗೆ ಹಲ್ಲು ಕಚ್ಚಿ ಮಲಗಿದ ಹೆಂಡತಿಯನ್ನು ಇಲಿಸೋನಿ ನೋಡಿದ. ಆಮೇಲೆ ಗಂಟಲು ಹರಿಯುವಂತೆ ಲುಸಿಯಾನಾಳನ್ನು ಕೂಗಿದ. ಅವಳು ನಾಲ್ಕು ಜನರನ್ನು ಕರೆದುಕೊಂಡು ಓಡಿಬಂದಳು.

ಸಂಜೆ ಗಂಜಿ ತಂದ ಲುಸಿಯಾನಾ ಮತ್ತೆ ಕೇಂದ್ರದ ಮಾತೆತ್ತಿದಳು.

"ನನಗೆ ಯಾರ ಉಪಕಾರಾನೂ ಬೇಡಮ್ಮ," ಅಂದ ಇಲಿಸೋನಿ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

"ನಿನಗೆ ಅಂತ ಯಾರು ಹೇಳಿದ್ರು ಅಣ್ಣ? ನಾನು ಕೇಳ್ತಿರೋದು ಇವಳಿಗೆ. ಯುದ್ಧಕ್ಕೆ ಹೋಗಿದ್ದು ನೀನು, ಗಾಯ ಹೊರ್ತಿರೋದು ಮನೆಮಂದಿಯೆಲ್ಲ."

ಇಲಿಸೋನಿ ಹೆಂಡತಿಯ ಕಡೆ ತಿರುಗಿದ. "ನಿನಗೇನು ಬೇಕು, ಹೇಳು."

ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳಿಗೆ ಅಳು ಬಂತು. "ಒಂದು ದಿನ ಕಡಲಿಗೆ ಹೋಗ್ಬೇಕು," ಅಂದಳು.

ಇಲಿಸೋನಿ ಒಪ್ಪಿದ. ಲುಸಿಯಾನಾ ಹೇಳಿಕಳಿಸಿದ ಮೇಲೆ ಕೇಂದ್ರದವರು ಬಂದರು. ಮೊದಲು ಅವಳ ಬೆನ್ನಿಗೆ ಚಿಕಿತ್ಸೆ ಕೊಡಿಸಿದರು. ಹಾಸಿಗೆಗೂ ಕುರ್ಚಿಗೂ ನಡುವೆ ನುಣುಪಾದ ಹಲಗೆ ಇಟ್ಟು, ತೋಳಿನ ಬಲದಿಂದ ತಾನೇ ಜರುಗಿ ಕೂರುವುದನ್ನು ಇಲಿಸೋನಿಗೆ ಕಲಿಸಿದರು. ಅಪ್ಪ ನಿದ್ದೆಯಲ್ಲಿ ಚೀರಿದಾಗ ಹೆದರುತ್ತಿದ್ದ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿದರು. ವಾರಕ್ಕೊಮ್ಮೆ ಇಬ್ಬರು ಮಾಜಿ ಸೈನಿಕರು ಅವನ ಜೊತೆಗಿರಲು ಬರತೊಡಗಿದರು. ಮೊದಲ ದಿನ ಅವನು ಮುಖ ಗಂಟಿಕ್ಕಿಕೊಂಡಿದ್ದ. ರಗ್ಬಿಯ ಮಾತು ಬಂದದ್ದೇ ತಡ, ಅವರಿಬ್ಬರಿಗೂ ಆಟದ ಗಂಧವೇ ಇಲ್ಲವೆಂದು ವಾದಕ್ಕಿಳಿದ.

ಬೆನ್ನು ವಾಸಿಯಾದ ಮೇಲೆ, ಅವರು ಬಂದ ಒಂದು ದಿನ, ಮೆರೆವಾಲೆಸಿ ಬಲೆ ತೆಗೆದುಕೊಂಡು ಹೊರಟಳು. ಸೊಂಟದುದ್ದ ನೀರಲ್ಲಿ ನಿಂತು, ಗೆಳತಿಯರ ಕೀಟಲೆಗೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಸಂಜೆ ಬುಟ್ಟಿಯೊಂದಿಗೆ ಮರಳಿದಾಗ ಗಂಡ ಒಲೆಯ ಮುಂದೆ ತೆಂಗಿನಕಾಯಿ ತುರಿಯುತ್ತ ಕುಳಿತಿದ್ದ.

"ಮೀನು ಇಲ್ಲಿ ಕೊಡು," ಅಂದ. "ಇವತ್ತು ಸಾರು ನಂದು. ಉಪ್ಪು ಜಾಸ್ತಿ ಆದ್ರೆ ಸುಮ್ನೆ ತಿನ್ಬೇಕು."

ಓದುಗರೇ, ಗಾಯಗೊಂಡು ಮರಳಿದ ಯೋಧನ ಮನೆ ನಿಮ್ಮ ಬೀದಿಯಲ್ಲೂ ಇರಬಹುದು. ಅವನಿಗೆ ನಮಸ್ಕಾರ ಹೇಳಿ ಮುಂದೆ ಹೋಗಿಬಿಡಬೇಡಿ. ಒಳಗೆ ಹೋಗಿ, ಅವನ ಹೆಂಡತಿಯನ್ನು, ತಾಯಿಯನ್ನು, ಮಕ್ಕಳನ್ನು ಮಾತಾಡಿಸಿ. ನೆರವು ಎಲ್ಲಿ ಸಿಗುತ್ತದೆಂದು ವಿಚಾರಿಸಿ, ಜೊತೆಯಲ್ಲಿ ಹೋಗಿ ಬನ್ನಿ. ಆ ಮನೆ ನಿಮ್ಮದೇ ಆಗಿದ್ದರೆ, ಸಂಕೋಚ ಬಿಟ್ಟು ಕೂಗಿ ಕರೆಯಿರಿ. ಬೆನ್ನು ಹಿಡಿಯುವ ತನಕ ಕಾಯಬೇಡಿ.