ಮೈದಾ ಅಂಟಿನ ಹೆಸರು

ನನಗೆ ಸಿಟ್ಟು ಬಂದರೆ ಕೂಗಾಡುವುದಿಲ್ಲ. ಕೆಲಸಕ್ಕೆ ಕೂರುತ್ತೇನೆ.

ಶಿರಾ ಗೇಟಿನ ಗುರುಪ್ರಕಾಶರ ಇಂಟೀರಿಯರ್ ಅಂಗಡಿಯಲ್ಲಿ ನನಗೆ ಆರು ವರ್ಷದಿಂದ ಕೆಲಸ. ದಿನವೂ ಗುಬ್ಬಿಯಿಂದ ಬಸ್ಸು. ಹೊಸ ಡಿಸೈನ್ ಬಂದಾಗಲೆಲ್ಲ ಹಳೆಯ ಸ್ಯಾಂಪಲ್ಲು ಗುಜರಿಗೆ ಹೋಗುತ್ತಿತ್ತು: ಅಂಗೈಯಗಲದ ಸನ್‌ಮೈಕಾ ತುಂಡು, ಪರದೆ ಬಟ್ಟೆಯ ಚೂರು, ವಾಲ್‌ಪೇಪರ್ ಪುಸ್ತಕ. ಅವನ್ನೆಲ್ಲ ಮನೆಗೆ ಹೊತ್ತು, ಹೋದ ವರ್ಷ ಹಲಗೆಯ ಮೇಲೆ ಅಂಟಿಸಿ ಒಂದು ಕುದುರೆ ಮಾಡಿದೆ. ಚಿಕ್ಕವಳಿದ್ದಾಗ ಅಪ್ಪ ಕುಣಿಗಲ್ಲಿನ ಕುದುರೆ ಫಾರಮ್ಮಿನ ಬೇಲಿ ಸಂದಿಯಿಂದ ತೋರಿಸಿದ್ದ ಕುದುರೆ ಅದು. ಮೈಗೆ ತೇಗದ ಬಣ್ಣದ ಸನ್‌ಮೈಕಾ, ಕೂದಲಿಗೆ ಪರದೆಯ ನೂಲು, ಹಿಂದೆ ವಾಲ್‌ಪೇಪರಿನ ಆಕಾಶ. ಅಂಗಡಿಗೆ ತಂದು ತೋರಿಸಿದೆ. ಅದೇ ನಾನು ಮಾಡಿದ ಪೆದ್ದು ಕೆಲಸ.

ವಾರದೊಳಗೆ ಕುದುರೆ ಪೇಪರಿನಲ್ಲಿ ಬಂತು. ಪಕ್ಕದಲ್ಲಿ ನಗುತ್ತ ನಿಂತವರು ಗುರುಪ್ರಕಾಶರ ಹೆಂಡತಿ ಆಶಾರಾಣಿ. 'ಕಸದಲ್ಲಿ ಕಲೆ ಕಂಡ ಗೃಹಿಣಿ'ಯಂತೆ! ಕತ್ತರಿ ನೆಟ್ಟಗೆ ಹಿಡಿಯಲು ಬಾರದ ಹೆಂಗಸು! ಕೇಳಿದ್ದಕ್ಕೆ ಗುರುಪ್ರಕಾಶ್, "ಅಂಗ್ಡಿ ನಂದು, ಸ್ಯಾಂಪಲ್ ನಂದು. ನಿನ್ ಹೆಸ್ರು ಯಾರಿಗ್ ಬೇಕಮ್ಮ, ಬುಡು" ಅಂದರು. ಅವತ್ತು ಊಟ ಸೇರಲಿಲ್ಲ.

ಈ ವರ್ಷ ದಸರೆಗೆ ಮುಂಚೆ ಅವರೇ ಕರೆದರು. "ಮಾಲಿನಿ, ಅಂಗ್ಡಿ ಮುಂದಿನ್ ಗೋಡೆಗೆ ದೊಡ್ ಕುದ್ರೆ ಮಾಡ್ಕೊಡು. ಕೆಳಗೆ ಮೇಡಂ ಹೆಸ್ರು ದಪ್ಪಕ್ಕೆ ಕಾಣ್ಬೇಕು."

"ಕಾಣ್ಸುತ್ತೆ ಸಾರ್" ಅಂದೆ.

ಕುದುರೆಯನ್ನು ನೀರಿಗೆ ಜಗ್ಗದ ಗಮ್ಮಿನಲ್ಲಿ ಪ್ಲೈವುಡ್ ಮೇಲೆ ಕೂರಿಸಿದೆ. ಅದು ನನ್ನದು, ಅದರ ಒಂದು ಗೊರಸೂ ಕದಲಕೂಡದು. ಅದೇ ಗಮ್ಮಿನಲ್ಲಿ ಕೆಳಗೆ ಕಪ್ಪು ಸನ್‌ಮೈಕಾದ ಅಕ್ಷರಗಳಲ್ಲಿ ನನ್ನ ಹೆಸರು, ನನ್ನ ಊರು. ಅದು ಮುಚ್ಚುವ ಹಾಗೆ ದಪ್ಪ ವಾಲ್‌ಪೇಪರಿನ ಪಟ್ಟಿ. ಪಟ್ಟಿಯ ಮೇಲೆ ಕೆಂಪು ಪರದೆ ಬಟ್ಟೆಯ 'ಆಶಾರಾಣಿ'. ಈ ಪಟ್ಟಿಗೆ ಮಾತ್ರ ಮೈದಾ ಅಂಟು.

ಒಲೆಯ ಹತ್ತಿರ ಅಮ್ಮ ಇಣುಕಿದಳು. "ಮೈದಾ ಯಾಕೇ ಕಾಯಿಸ್ತಿದೀಯ?"

"ಹಬ್ಬಕ್ಕೆ ಕಣಮ್ಮ."

ಆಯುಧಪೂಜೆಯ ಬೆಳಗ್ಗೆ ಗುರುಪ್ರಕಾಶ್ ಪೈಪನ್ನು ಯಾರ ಕೈಗೂ ಕೊಡುವುದಿಲ್ಲ. ಕಾರು, ಶಟರ್, ಬೋರ್ಡು, ಎಲ್ಲಕ್ಕೂ ತಾವೇ ನೀರು ಹೊಡೆಯಬೇಕು. ಆರು ವರ್ಷ ನೋಡಿದ್ದೇನೆ. ಒಂದು ಸಲ ಕ್ಯಾಲ್ಕುಲೇಟರಿಗೂ ಸ್ನಾನವಾಗಿತ್ತು.

ಈ ಸಲ ಗಿರಾಕಿಗಳು, ಬಡಗಿಗಳು, ಅಕ್ಕಪಕ್ಕದ ಅಂಗಡಿಯವರು ಎಲ್ಲ ಸೇರಿದ್ದರು. ಪೇಪರಿನವನನ್ನೂ ಅವರೇ ಕರೆಸಿದ್ದರು. ಆಶಾರಾಣಿ ಆರತಿ ತಟ್ಟೆ ಹಿಡಿದು ಕುದುರೆಯ ಕೆಳಗೆ ನಿಂತಿದ್ದರು.

"ಸಾರ್, ಕುದ್ರೆ ಮೇಲೆ ಧೂಳು ಕೂತೈತೆ" ಅಂದೆ.

"ಹೌದಲ್ಲ!" ಎಂದು ಪೈಪು ತಿರುಗಿಸಿದರು.

ಪಟ್ಟಿ ಮೊದಲು ಉಬ್ಬಿತು. ಆಮೇಲೆ ಕಾವಲಿಯಿಂದ ದೋಸೆ ಏಳುವ ಹಾಗೆ ಅಂಚು ಬಿಟ್ಟಿತು. ಕೆಂಪು ಹೆಸರು ಜಾರಿ ಮೇಡಂ ಅವರ ರೇಷ್ಮೆ ಸೀರೆಯ ಮೇಲೆ ಪಚಕ್ಕನೆ ಬಿತ್ತು. ಕುದುರೆ ಕದಲಲಿಲ್ಲ. ಅಯ್ಯೋ, ನನಗಾದ ಖುಷಿ!

ಗುರುಪ್ರಕಾಶ್ ಪೈಪು ಹಿಡಿದು ನಿಂತೇ ಇದ್ದರು. ನೀರು ಅವರ ಕಾಲಿನ ಮೇಲೇ ಸುರಿಯುತ್ತಿತ್ತು. ಪೇಪರಿನವನು ಫೋಟೋ ಹೊಡೆದು, ಗೋಡೆ ಓದಿ, ಪೆನ್ನು ತೆಗೆದ.

"ಮಾಲಿನಿ, ಗುಬ್ಬಿ... ಯಾರಿದು?"

ನನ್ನ ಹೆಸರು ಬೇಕಾದವನು ಕೊನೆಗೂ ಸಿಕ್ಕಿದ.

"ನಾನೇ" ಅಂದೆ. "ಹೋದ್ ವರ್ಷದ್ ಕುದ್ರೆನೂ ನಂದೇ. ಎರಡೂ ಬರ್ಕೊಳಿ."