ಹಾಜರಿ ಯಂತ್ರದ ಮುಂದೆ

ಬ್ಯಾಡಗಿಯ ಆ ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಆರಿಸಲು ಹೊಸದಾಗಿ ಒಂಬತ್ತು ಹೆಂಗಸರು ಸೇರುವವರಿದ್ದರು. ಅವರ ಬೆರಳಚ್ಚನ್ನು ಹಾಜರಿ ಯಂತ್ರಕ್ಕೆ ಹಾಕುವುದು ಆಫೀಸಿನ ನಸ್ರೀನ್‌ಳ ಕೆಲಸ. ಸಂಜೆಯೊಳಗೆ ಯಾರ ಬೆರಳನ್ನು ಯಂತ್ರ ಹಿಡಿಯುವುದಿಲ್ಲವೋ ಅವರ ಹೆಸರನ್ನು ಬಿಡಬೇಕೆಂದು ಮ್ಯಾನೇಜರ್ ಹೇಳಿದ್ದರು.

ಎಂಟು ಮಂದಿಯದು ಮುಗಿದಿತ್ತು. ಒಂಬತ್ತನೆಯವಳಾದ ಉಚ್ಚಂಗೆವ್ವನ ಹತ್ತೂ ಬೆರಳಿಟ್ಟು ನೋಡಿದರೂ ಕೆಂಪು ದೀಪವೇ ಹತ್ತಿತು. ನಿನ್ನೆ ಅವಳ ಹೆಬ್ಬೆರಳನ್ನು ಯಂತ್ರ ಎರಡು ಸಲ ಹಿಡಿದಿತ್ತು. ಮೂರು ಸಲ ಹಿಡಿದರಷ್ಟೇ ಬೆರಳಚ್ಚು ದಾಖಲಾಗುತ್ತಿತ್ತು; ಮೂರನೆಯ ಸಲಕ್ಕೆ ಕರೆಂಟ್ ಹೋಗಿತ್ತು.

"ನಿನ್ನೆ ಬಂದಿತ್ತಲ್ರಿ ಯವ್ವಾ. ಇವತ್ತೇನಾತು?"

"ಖಾರ ಹೋಗೂಹಂಗ ಚೊಲೋ ತಿಕ್ಕಿ ತೊಳಕೊಂಡ ಬಾ ಅಂತ ನಿನ್ನೆ ನೀನs ಅಂದಿದ್ದೆಲ್ಲ ತಂಗಿ? ಇಟ್ಟಂಗಿ ಚೂರು ತಗೊಂಡು ತಿಕ್ಕೇನಿ. ಮೂಸಿ ನೋಡು, ವಾಸನಿ ಸೈತ ಇಲ್ಲ."

"ಮದಲಗಿತ್ತಿ ಕೈ ಆಗ್ಯಾವ," ಎಂದು ಹಿಂದೆ ನಿಂತವಳೊಬ್ಬಳು ನಕ್ಕಳು.

ನಸ್ರೀನ್ ಆ ಬೆರಳುಗಳನ್ನು ಬೆಳಕಿಗೆ ಹಿಡಿದಳು. ವರ್ಷಗಟ್ಟಲೆ ಅಲ್ಲಿ ಇಲ್ಲಿ ಕೂಲಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಿ ಬಿಡಿಸಿ ಮೊದಲೇ ಸವೆದಿದ್ದ ಗೆರೆಗಳು ಈಗ ಪೂರ್ತಿ ಅಳಿಸಿಹೋಗಿದ್ದವು. ಅಳಿಸಿದ್ದು ತನ್ನ ಮಾತೇ ಎಂದು ಅವಳಿಗೆ ಗೊತ್ತಾಯಿತು. ನಾಲ್ಕು ದಿನ ಬಿಟ್ಟರೆ ಗೆರೆ ಮೂಡಿಯಾವು, ಅಲ್ಲಿಯವರೆಗೆ ತಡೆಯಬಹುದೇ ಎಂದು ಒಳಗೆ ಹೋಗಿ ಕೇಳಿದಳು. ಮ್ಯಾನೇಜರ್ ತಲೆ ಎತ್ತದೆ, "ಬ್ಯಾರೆದಾಕಿನ್ನ ಕರೀರಿ," ಎಂದರು.

ಹೊರಗೆ ಬಂದು ನಿಜ ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಉಚ್ಚಂಗೆವ್ವನೇ ಎದ್ದು, "ನನ್ನ ಬೆರಳs ಸುಮಾರ ಅದಾವ ಬಿಡು. ನಿನಗ ಸುಳ್ಳs ತ್ರಾಸ ಕೊಟ್ನಿ," ಎಂದಳು.

ನಸ್ರೀನ್ ಆಕೆ ಗೇಟು ದಾಟುವವರೆಗೂ ಕಾದು, ಹೆಸರನ್ನು ಅಳಿಸಿದಳು.